ಸ್ಕೈರಿಮ್‌ನಲ್ಲಿ ಬೇಟೆ ಮಾರಿ ದುಡ್ಡು ಮಾಡುವುದು: ತೊಗಲಿನಿಂದ ಗಲ್ಲಾಪೆಟ್ಟಿಗೆಯವರೆಗೆ

ಸ್ಕೈರಿಮ್ ಎಂಬ ವಿಡಿಯೊ ಗೇಮ್‌ನಲ್ಲಿ ಹತ್ತು ಜಿಂಕೆ ಹೊಡೆದು, ತೊಗಲನ್ನೆಲ್ಲ ಹೊತ್ತು ತಂದು ವೈಟ್‌ರನ್ ಊರಿನ ಕುಲುಮೆಯ ಮುಂದೆ ಸುರಿದರೆ ಹೊಸ ಆಟಗಾರನ ಕೈಗೆ ಬರುವುದು ಸುಮಾರು 30 ಸೆಪ್ಟಿಮ್ (ಆಟದ ನಾಣ್ಯ). ಅರ್ಧ ದಿನದ ಅಲೆದಾಟಕ್ಕೆ ಅಷ್ಟೇ. ಹೆಚ್ಚಿನವರು ಇಲ್ಲೇ ಬೇಟೆಯ ಆಸೆ ಬಿಟ್ಟು ಗುಹೆ ದೋಚಲು ಹೊರಡುತ್ತಾರೆ. ಅದೇ ಹತ್ತು ತೊಗಲಿಗೆ, ಒಂದೂ ಪರ್ಕ್ (ಮಟ್ಟ ಏರಿದಾಗ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಇಲ್ಲದೆ, ಅದೇ ಅಂಗಡಿಯಲ್ಲಿ 150ಕ್ಕೂ ಹೆಚ್ಚು ಸೆಪ್ಟಿಮ್ ಎತ್ತಬಹುದು. ಹೊಡೆದ ಮೇಲೆ ಯಾವುದನ್ನು ಹೊರಬೇಕು, ಎಲ್ಲಿ ಹದ ಮಾಡಬೇಕು, ಏನಾಗಿ ಬದಲಿಸಿ ಯಾರಿಗೆ ಮಾರಬೇಕು ಎಂಬ ಕ್ರಮ ತಪ್ಪುವುದರಿಂದಲೇ ಈ ನಷ್ಟ.

ಇಲ್ಲಿರುವ ಲೆಕ್ಕಗಳೆಲ್ಲ ಮಾಡ್ (ಆಟವನ್ನು ಬದಲಿಸುವ ಹೊರಗಿನ ಸೇರ್ಪಡೆ) ಹಾಕದ ಮೂಲ ಆಟದವು. ಆರ್ಥಿಕತೆ ಬದಲಿಸುವ ಮಾಡ್‌ಗಳಿದ್ದರೆ ಅಂಕಿಗಳು ಹೊಂದುವುದಿಲ್ಲ. ಇನ್ನೊಂದು ಮಾತು: ಸ್ಕೈರಿಮ್‌ನಲ್ಲಿ ಜೀವಂತ ಪ್ರಾಣಿಯನ್ನು ಕೊಳ್ಳುವವರು ಯಾರೂ ಇಲ್ಲ. 1000 ಸೆಪ್ಟಿಮ್ ಕೊಟ್ಟು ಲಾಯದಿಂದ ತಂದ ಕುದುರೆಯನ್ನೂ ತಿರುಗಿ ಮಾರಲಾಗದು. ದುಡ್ಡಾಗುವುದು ತೊಗಲು, ಕೊಂಬು, ದಂತ, ಉಗುರು, ಹಲ್ಲು ಮುಂತಾದವು ಮಾತ್ರ.

## ಬೇಟೆಗೆ ಮೊದಲು: ಬೆಲೆ ಹೇಗೆ ಬೀಳುತ್ತದೆ

ಸಾಮಾನಿನ ಪಕ್ಕದಲ್ಲಿ ಕಾಣುವ ಮೌಲ್ಯ ನಿಮಗೆ ಸಿಗುವ ಬೆಲೆಯಲ್ಲ. ಆಟ ಆ ಮೌಲ್ಯವನ್ನು ಒಂದು ಸಂಖ್ಯೆಯಿಂದ ಭಾಗಿಸುತ್ತದೆ. ಸ್ಪೀಚ್ (ಮಾತು, ಚೌಕಾಸಿ) ಕೌಶಲ 0 ಇದ್ದರೆ ಆ ಸಂಖ್ಯೆ 3.3, ಸ್ಪೀಚ್ 100 ತಲುಪಿದಾಗ ಅದು 2.0ಕ್ಕೆ ಇಳಿಯುತ್ತದೆ. ಹೆಚ್ಚಿನ ಜನಾಂಗಗಳು ಆಟ ಶುರು ಮಾಡುವುದು ಸ್ಪೀಚ್ 15ರಲ್ಲಿ. ಆಗ ಭಾಜಕ 3.1ರ ಹತ್ತಿರ. ಅಂದರೆ 10 ಮೌಲ್ಯದ ಜಿಂಕೆ ತೊಗಲಿಗೆ 3, 50 ಮೌಲ್ಯದ ಕರಡಿ ತೊಗಲಿಗೆ 16, 150 ಮೌಲ್ಯದ ಮ್ಯಾಮತ್ (ಮೈತುಂಬ ಕೂದಲಿರುವ ಆನೆ) ದಂತಕ್ಕೆ 48.

ಮೂರರಲ್ಲಿ ಒಂದು ಭಾಗವಷ್ಟೇ ಕೈಗೆ ಬರುವ ಈ ಕಡಿತ ಎಲ್ಲ ಸಾಮಾನಿಗೂ ಒಂದೇ. ಹಾಗಾಗಿ ಮಾರುವ ಮುನ್ನ ಮೌಲ್ಯವನ್ನು ಏರಿಸಿಕೊಳ್ಳುವುದೇ ಲಾಭದ ಮೂಲ. ಉಳಿದೆಲ್ಲ ಹಂತಗಳು ಇದರ ಮೇಲೆ ನಿಂತಿವೆ.

## ಹಂತ 1: ಬೇಕಾದ ಸಾಮಾನು

ಒಂದು ಬಿಲ್ಲು ಮತ್ತು 40–50 ಬಾಣ ಸಾಕು. ಕಬ್ಬಿಣದ ಬಾಣಗಳೇ ಆಗಬಹುದು. ಜಿಂಕೆಗೆ ಅದಕ್ಕಿಂತ ದುಬಾರಿ ಬಾಣ ದಂಡ. ವೈಟ್‌ರನ್‌ನ ಮುಖ್ಯ ದ್ವಾರದ ಬಳಿ ಇರುವ ಡ್ರಂಕನ್ ಹಂಟ್ಸ್‌ಮನ್ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಹೊಡೆದ ಪ್ರಾಣಿಯ ಮೈಯಲ್ಲಿ ಕೆಲವು ಬಾಣ ಮರಳಿ ಸಿಗುತ್ತವೆ, ಎಲ್ಲವೂ ಅಲ್ಲ.

ಹೊರಡುವಾಗ ಚೀಲ ಖಾಲಿ ಇರಲಿ. ನಿಮ್ಮ ಹೊರೆಯ ಮಿತಿ 300ರಿಂದ ಶುರುವಾಗುತ್ತದೆ. ಮಟ್ಟ ಏರಿದಾಗ ಸ್ಟ್ಯಾಮಿನಾ (ದಮ್ಮು) ಆರಿಸಿಕೊಂಡರೆ ಪ್ರತಿ ಸಲ 5 ಹೆಚ್ಚುತ್ತದೆ. ಹಿಂದಿನ ಗುಹೆಯಲ್ಲಿ ಎತ್ತಿದ ಕತ್ತಿ, ಗುರಾಣಿ, ಬಕೆಟ್ಟುಗಳನ್ನು ಹೊತ್ತುಕೊಂಡೇ ಬೇಟೆಗೆ ಹೋಗುವವರು ಅರ್ಧ ದಾರಿಯಲ್ಲೇ ಕಾಲೆಳೆಯುತ್ತಾರೆ.

ಆಟ ಶುರುವಾಗುವ ಹೆಲ್ಗನ್‌ನಿಂದ ರಿವರ್‌ವುಡ್ ಹಳ್ಳಿಗೆ ಇಳಿಯುವ ದಾರಿಯಲ್ಲಿ, ಮುಟ್ಟಿದರೆ ವರ ಕೊಡುವ ಮೂರು ಗಾರ್ಡಿಯನ್ ಕಲ್ಲುಗಳಿವೆ. ಮದ್ದು ಅರೆದು ಮಾರುವ ಯೋಚನೆಯಿದ್ದರೆ ಥೀಫ್ ಕಲ್ಲನ್ನು ಮುಟ್ಟಿ: ಸ್ಪೀಚ್, ಆಲ್ಕೆಮಿ (ಮದ್ದು ತಯಾರಿ), ಸ್ನೀಕ್ (ಅಡಗಿ ನಡೆಯುವುದು) ಮೂರೂ ಶೇ. 20 ಬೇಗ ಬೆಳೆಯುತ್ತವೆ. ಕುಲುಮೆ ಕೆಲಸವೇ ಹೆಚ್ಚು ಎಂದಿದ್ದರೆ ವಾರಿಯರ್ ಕಲ್ಲು. ಬೇಕೆಂದಾಗ ಹಿಂದಿರುಗಿ ಬದಲಿಸಬಹುದು.

## ಹಂತ 2: ಯಾವ ಪ್ರಾಣಿ, ಎಲ್ಲಿ

ಜಿಂಕೆ ಮತ್ತು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ನಿಮ್ಮ ಮುಖ್ಯ ಬೇಟೆ. ವೈಟ್‌ರನ್ ಸುತ್ತಲಿನ ಬಯಲಿನಲ್ಲೂ ರಿವರ್‌ವುಡ್, ಫಾಕ್ರೆತ್ ಕಾಡುಗಳಲ್ಲೂ ಧಾರಾಳ. ಎರಡೂ ನಿಮ್ಮ ಮೇಲೆ ಬೀಳುವುದಿಲ್ಲ, ಓಡುತ್ತವೆ. ಎರಡರಿಂದಲೂ ಸಿಗುವುದು ಡಿಯರ್ ಹೈಡ್ ಎಂಬ ಒಂದೇ ತೊಗಲು. ಕೊಂಬು ಮಾತ್ರ ಬೇರೆ, ಎಲ್ಕ್‌ಗೆ ದೊಡ್ಡದು, ಜಿಂಕೆಗೆ ಚಿಕ್ಕದು.

ತೋಳವನ್ನು ಹುಡುಕಿಕೊಂಡು ಹೋಗಬೇಡಿ. ದಾರಿಯಲ್ಲಿ ಅವೇ ಬರುತ್ತವೆ, ಬಂದಾಗ ತೊಗಲು ತೆಗೆದುಕೊಳ್ಳಿ.

ಕರಡಿ ಮತ್ತು ಸೇಬರ್ ಕ್ಯಾಟ್‌ಗಳ (ಉದ್ದ ಕೋರೆಹಲ್ಲಿನ ದೊಡ್ಡ ಕಾಡುಬೆಕ್ಕು) ತೊಗಲು ದುಬಾರಿ, ಆದರೆ ಮಟ್ಟ ಕಡಿಮೆ ಇರುವಾಗ ಎರಡು ಏಟಿಗೆ ನಿಮ್ಮನ್ನು ಮುಗಿಸುತ್ತವೆ. ಸೇಬರ್ ಕ್ಯಾಟ್ ನಿಮಗಿಂತ ವೇಗ. ಓಡಿ ತಪ್ಪಿಸಿಕೊಳ್ಳುವ ಲೆಕ್ಕ ಇಟ್ಟುಕೊಳ್ಳಬೇಡಿ. ರಿಫ್ಟ್ ಪ್ರಾಂತ್ಯದ ಕಾಡುಗಳಲ್ಲಿ ಕರಡಿ ಹೆಚ್ಚು. ಬಿಳಿ ಬಣ್ಣದ ಹಿಮ ಕರಡಿ, ಹಿಮ ಸೇಬರ್ ಕ್ಯಾಟ್‌ಗಳ ತೊಗಲಿಗೆ ಮೌಲ್ಯ ಇನ್ನೂ ಜಾಸ್ತಿ. ಅವು ಸಿಗುವುದು ಉತ್ತರದ ಹಿಮಪ್ರದೇಶದಲ್ಲಿ.

ಮ್ಯಾಮತ್‌ಗೆ ಆತುರ ಬೇಡ. ಅವುಗಳ ಜೊತೆ ಸಾಮಾನ್ಯವಾಗಿ ದೈತ್ಯನಿರುತ್ತಾನೆ. ಅವನ ಒಂದು ಗದೆಯೇಟು ಹೊಸಬರನ್ನು ಆಕಾಶಕ್ಕೆ ಹಾರಿಸುತ್ತದೆ. ದಂತದ ಆಸೆ ತಡೆಯದಿದ್ದರೆ ವೈಟ್‌ರನ್‌ನ ಉತ್ತರಕ್ಕಿರುವ ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪಿಗೆ ಹೋಗಿ. ಅದು ಮ್ಯಾಮತ್ ಕದ್ದು ಬೇಟೆಯಾಡುವ ಡಕಾಯಿತರ ಬೀಡು. ಡಕಾಯಿತರನ್ನು ಎದುರಿಸುವುದು ದೈತ್ಯನನ್ನು ಎದುರಿಸುವುದಕ್ಕಿಂತ ಎಷ್ಟೋ ಸುಲಭ. ಅಲ್ಲಿ ಸಿಗುವ ಪೋಚರ್ಸ್ ಆಕ್ಸ್ ಎಂಬ ಕೊಡಲಿ ಪ್ರಾಣಿಗಳಿಗೆ ಹೆಚ್ಚು ಪೆಟ್ಟು ಕೊಡುತ್ತದೆ.

## ಹಂತ 3: ಹೊಡೆಯುವುದು

ಕುಳಿತು ನಡೆಯಿರಿ. ಪರದೆಯ ನಡುವಿನ ಕಣ್ಣಿನ ಗುರುತು ಮುಚ್ಚಿರುವಾಗ (ಯಾರೂ ನಿಮ್ಮನ್ನು ಕಾಣದಿರುವಾಗ) ಬಿಟ್ಟ ಬಾಣಕ್ಕೆ ಎರಡು ಪಟ್ಟು ಪೆಟ್ಟು. ಸ್ನೀಕ್ ಕೌಶಲದ ಡೆಡ್ಲಿ ಏಮ್ ಪರ್ಕ್ ಸಿಕ್ಕರೆ ಅದು ಮೂರು ಪಟ್ಟು. ಬಿಲ್ಲನ್ನು ಪೂರ್ತಿ ಎಳೆದು ಬಿಡಿ. ಅರ್ಧ ಎಳೆದ ಬಾಣದಿಂದ ಜಿಂಕೆ ಗಾಯಗೊಂಡು ಓಡುತ್ತದೆ, ಅದರ ಹಿಂದೆ ನೀವೂ ಓಡಬೇಕಾಗುತ್ತದೆ. ಕಣ್ಣು ತೆರೆಯತೊಡಗಿದರೆ ನಿಂತುಬಿಡಿ. ಅಲುಗದೆ ಇದ್ದರೆ ಅದು ಮತ್ತೆ ಮುಚ್ಚಿಕೊಳ್ಳುತ್ತದೆ.

ಕರಡಿ ಮತ್ತು ಸೇಬರ್ ಕ್ಯಾಟ್‌ಗೆ ಎತ್ತರದ ಬಂಡೆ ಹತ್ತಿ ಅಲ್ಲಿಂದ ಹೊಡೆಯಿರಿ. ಬಂಡೆಗೆ ಬರಲು ದಾರಿ ಇಲ್ಲದಿದ್ದರೆ ಪ್ರಾಣಿ ಹಿಂದೆ ಸರಿದು ಮರೆಯಾಗುತ್ತದೆ. ಕೆಳಗಿಳಿಯಬೇಡಿ, ಅದು ಹೊರಬರುವವರೆಗೆ ಕಾಯಿರಿ.

ಎಷ್ಟು ಬಾಣ ತಾಗಿದರೂ, ಬೆಂಕಿ ಮಂತ್ರದಿಂದ ಸುಟ್ಟರೂ ತೊಗಲಿನ ಬೆಲೆ ಇಳಿಯುವುದಿಲ್ಲ. ಬೇರೆ ಕೆಲವು ಆಟಗಳಲ್ಲಿ ಹಾಗಿದೆ, ಇಲ್ಲಿ ಇಲ್ಲ. ಆದ್ದರಿಂದ ನಿಮಗೆ ಒಗ್ಗಿದ ಆಯುಧವನ್ನೇ ಹಿಡಿಯಿರಿ.

ಊರೊಳಗಿನ ಕೋಳಿ, ಹಸು, ಮೇಕೆಗೆ ಬಾಣ ತಾಗಿಸಬೇಡಿ. ಅವಕ್ಕೆ ಮಾಲೀಕರಿದ್ದಾರೆ, ಕೊಂದರೆ ಅದು ಅಪರಾಧ. ರಿವರ್‌ವುಡ್‌ನಲ್ಲಿ ಒಂದು ಕೋಳಿ ಸತ್ತರೆ ಊರಿಗೆ ಊರೇ ಕತ್ತಿ ಹಿರಿದು ಬರುತ್ತದೆ, ತಲೆಯ ಮೇಲೆ ದಂಡವೂ ಬೀಳುತ್ತದೆ.

## ಹಂತ 4: ಏನನ್ನು ಹೊರಬೇಕು, ಏನನ್ನು ಬಿಡಬೇಕು

ಸತ್ತ ಪ್ರಾಣಿಯ ಮೇಲೆ ‘ಎಲ್ಲ ತೆಗೆದುಕೋ’ ಒತ್ತುವುದು ಬಹಳ ಮಂದಿಯ ಚಟ. ಅದರಿಂದ ಚೀಲ ತುಂಬುವುದು ಮಾಂಸ. ಹಸಿ ಮಾಂಸ ಭಾರ ಹೆಚ್ಚು, ಬೆಲೆ ಕಡಿಮೆ. ಅದನ್ನು ಕೊಳ್ಳುವ ಹೋಟೆಲಿನವರ ಗಲ್ಲಾಪೆಟ್ಟಿಗೆಯಲ್ಲೂ ದುಡ್ಡಿರುವುದು ಅಷ್ಟಕ್ಕಷ್ಟೆ. ನಿಮ್ಮ ಅಡುಗೆಗೆ ಬೇಕಾದಷ್ಟು ಮಾತ್ರ ಎತ್ತಿಕೊಂಡು ಉಳಿದದ್ದನ್ನು ಅಲ್ಲೇ ಬಿಡಿ.

ತೊಗಲು ಬಿಡಬೇಡಿ. ಕೊಂಬು, ಕರಡಿ ಉಗುರು, ಸೇಬರ್ ಕ್ಯಾಟ್‌ನ ಹಲ್ಲು ಮತ್ತು ಕಣ್ಣು, ಗಿಡುಗದ ಗರಿ, ಇವು ಹಗುರ. ಹಾಗೇ ಮಾರಿದರೆ ಒಂದೆರಡು ಕಾಸು ಮಾತ್ರ ಎನಿಸಿದರೂ ಎತ್ತಿಕೊಳ್ಳಿ. ಅವುಗಳ ನಿಜವಾದ ಬೆಲೆ ಆರನೇ ಹಂತದಲ್ಲಿ ಹೊರಬೀಳುತ್ತದೆ. ಮ್ಯಾಮತ್ ದಂತ ಒಂದೊಂದೂ 8 ತೂಗುತ್ತದೆ, ಆದರೂ ಹೊರಲು ಯೋಗ್ಯ. ಅದರಲ್ಲಿ ಒಂದನ್ನು ಮಾರದೆ ಇಟ್ಟುಕೊಳ್ಳಿ: ವೈಟ್‌ರನ್ ಸಂತೆಯ ಇಸೋಲ್ಡಾ ಒಂದು ದಂತ ಕೇಳುತ್ತಾಳೆ, ತಂದುಕೊಟ್ಟರೆ ನಿಮ್ಮ ಸ್ಪೀಚ್ ಹೆಚ್ಚಿಸುತ್ತಾಳೆ. 48 ಸೆಪ್ಟಿಮ್‌ಗಿಂತ ಅದು ದೊಡ್ಡ ಲಾಭ.

ಹೊರೆ ಮಿತಿ ದಾಟಿದ ಕೂಡಲೇ ಓಡಲೂ ಆಗದು, ನಕ್ಷೆಯಲ್ಲಿ ಒತ್ತಿ ಊರಿಗೆ ಹಾರಲೂ ಆಗದು. ಆಗ ಮೂರು ದಾರಿ. ಜೊತೆಗಾರರಿದ್ದರೆ ಅರ್ಧ ಅವರಿಗೆ ಕೊಡಿ. ಕುದುರೆಯಿದ್ದರೆ ಹತ್ತಿ ಕುಳಿತು ನಕ್ಷೆ ತೆರೆಯಿರಿ: ಹೊರೆ ಎಷ್ಟೇ ಇದ್ದರೂ ಕುದುರೆಯ ಮೇಲಿಂದ ಊರಿಗೆ ಹಾರಬಹುದು. ಮೂರನೆಯದು ಸ್ಟೀಡ್ ಕಲ್ಲು. ಸಾಲಿಟ್ಯೂಡ್ ನಗರದ ವಾಯವ್ಯಕ್ಕಿರುವ ಈ ಕಲ್ಲು ಮುಟ್ಟಿದರೆ ಹೊರೆಯ ಮಿತಿ 100 ಏರುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಕಲ್ಲಿನ ವರ, ಥೀಫ್ ಕಲ್ಲಿನದು ಆಗ ಹೋಗುತ್ತದೆ.

ದಾರಿಬದಿಯ ಪೀಪಾಯಿಯಲ್ಲೋ ಗುಹೆಯ ಪೆಟ್ಟಿಗೆಯಲ್ಲೋ ತೊಗಲು ಬಚ್ಚಿಟ್ಟು ‘ನಾಳೆ ಬರುತ್ತೇನೆ’ ಎನ್ನಬೇಡಿ. ಅಂಥ ಜಾಗಗಳು ಕೆಲವು ದಿನಗಳ ಮೇಲೆ ಹೊಸದಾಗಿ ತುಂಬಿಕೊಳ್ಳುತ್ತವೆ, ನೀವಿಟ್ಟದ್ದು ಮಾಯ. ನಿಮ್ಮದೇ ಮನೆಯ ಪೆಟ್ಟಿಗೆ ಮಾತ್ರ ಸುರಕ್ಷಿತ. ವೈಟ್‌ರನ್‌ನ ಬ್ರೀಜ್‌ಹೋಮ್ 5000 ಸೆಪ್ಟಿಮ್.

## ಹಂತ 5: ಹದ ಮತ್ತು ಕುಲುಮೆ

ಲಾಭ ಹುಟ್ಟುವುದು ಇಲ್ಲಿ. ನಿಧಾನವಾಗಿ ಓದಿ.

ಮೊದಲ ಎಚ್ಚರಿಕೆ ಭಾರದ್ದು. ಜಿಂಕೆ ತೊಗಲಿನ ತೂಕ 2. ಅದನ್ನು ಟ್ಯಾನಿಂಗ್ ರ‍್ಯಾಕ್‌ನಲ್ಲಿ (ತೊಗಲು ಹದ ಮಾಡುವ ಚೌಕಟ್ಟು) ಹದ ಮಾಡಿದರೆ 2 ಲೆದರ್ (ಹದವಾದ ಚರ್ಮ) ಬರುತ್ತದೆ, ಒಂದೊಂದೂ 2 ತೂಗುತ್ತದೆ. ಅಂದರೆ ಹೊರೆ ಇಮ್ಮಡಿ. ಕಾಡಿನ ಬಿಡಾರದಲ್ಲಿ ರ‍್ಯಾಕ್ ಕಂಡಿತೆಂದು ಅಲ್ಲೇ ಹದ ಮಾಡಿ ಕೂರಬೇಡಿ. ತೊಗಲನ್ನು ಹಾಗೇ ತಂದು, ಕುಲುಮೆಯ ಪಕ್ಕದ ರ‍್ಯಾಕ್‌ನಲ್ಲೇ ಹದ ಮಾಡಿ. ರಿವರ್‌ವುಡ್‌ನಲ್ಲಿ ಆಲ್ವೊರ್‌ನ ಮನೆಯ ಮುಂದೆ, ವೈಟ್‌ರನ್‌ನಲ್ಲಿ ವಾರ್‌ಮೇಡನ್ಸ್ ಅಂಗಡಿಯ ಮುಂದೆ ರ‍್ಯಾಕೂ ಕುಲುಮೆಯೂ ಅಕ್ಕಪಕ್ಕದಲ್ಲಿವೆ. ಬಳಸಲು ಬಾಡಿಗೆಯಿಲ್ಲ.

ಒಂದು ತೋಳದ ತೊಗಲಿಗೆ 1 ಲೆದರ್, ಜಿಂಕೆಗೆ 2, ಸೇಬರ್ ಕ್ಯಾಟ್‌ಗೆ 2, ಕರಡಿಗೆ 4. ಲೆದರ್ ಒಂದರ ಮೌಲ್ಯ 10. ಇಲ್ಲೇ ಅಡಗಿರುವ ಬಲೆ ನೋಡಿ: ಕರಡಿ ತೊಗಲು ಹಾಗೇ 50, ಆದರೆ ಹದ ಮಾಡಿ ಬಂದ ಲೆದರ್ 40. ಕರಡಿಯದನ್ನು ಹದ ಮಾಡಿ ಲೆದರ್ ಆಗಿಯೇ ಮಾರಿದರೆ ಕೈಯಿಂದ ಕಳೆದುಕೊಂಡಂತೆ. ಸೇಬರ್ ಕ್ಯಾಟ್‌ನದೂ ಹೀಗೆಯೇ, 25 ಇದ್ದದ್ದು 20ಕ್ಕೆ ಇಳಿಯುತ್ತದೆ. ಹದ ಮಾಡಿದ ಮೇಲೆ ನಡುದಾರಿಯಲ್ಲಿ ನಿಲ್ಲಬಾರದು, ಕುಲುಮೆಯವರೆಗೂ ಹೋಗಬೇಕು.

ಕುಲುಮೆಯಲ್ಲಿ ಲೆದರ್ ವಸ್ತುಗಳಿಗೆ ಯಾವ ಸ್ಮಿಥಿಂಗ್ (ಕಮ್ಮಾರಿಕೆ) ಪರ್ಕೂ ಬೇಡ. ಮೊದಲ ದಿನವೇ ಮಾಡಬಹುದು. ಲೆದರ್ ಶಿರಸ್ತ್ರಾಣಕ್ಕೆ 2 ಲೆದರ್, 1 ಲೆದರ್ ಪಟ್ಟಿ, ಮೌಲ್ಯ 60. ಲೆದರ್ ಕವಚಕ್ಕೆ 4 ಲೆದರ್, 3 ಪಟ್ಟಿ, ಮೌಲ್ಯ 125. ಮುಂಗೈ ಪಟ್ಟಿಗೆ 1 ಲೆದರ್, 2 ಪಟ್ಟಿ, ಮೌಲ್ಯ 25. ಬೂಟಿಗೆ 2 ಲೆದರ್, 2 ಪಟ್ಟಿ; ಮೌಲ್ಯ ಅದೂ 25. ಪಟ್ಟಿಗಳನ್ನು ಟ್ಯಾನಿಂಗ್ ರ‍್ಯಾಕ್‌ನಲ್ಲೇ ಕತ್ತರಿಸಬೇಕು: 1 ಲೆದರ್‌ಗೆ 4 ಪಟ್ಟಿ.

ಖರ್ಚಾಗುವ ಲೆದರ್ ಲೆಕ್ಕ ಹಾಕಿದರೆ ಶಿರಸ್ತ್ರಾಣವೂ ಕವಚವೂ ಒಂದು ಲೆದರ್‌ಗೆ 26ರಷ್ಟು ಮೌಲ್ಯ ಕೊಡುತ್ತವೆ. ಮುಂಗೈ ಪಟ್ಟಿ 17ರ ಸುತ್ತ. ಬೂಟು 10, ಅಂದರೆ ಲೆದರ್ ಹಾಗೇ ಮಾರಿದಷ್ಟೇ. ಬೂಟು ಹೊಲಿಯುತ್ತ ಕೂತವರ ಶ್ರಮವೆಲ್ಲ ವ್ಯರ್ಥ. ಮುಂಗೈ ಪಟ್ಟಿ ಮಾಡಿ ಸ್ಮಿಥಿಂಗ್ ಏರಿಸಿ ಎಂಬ ಹಳೆಯ ಸಲಹೆ ಇನ್ನೂ ಕೇಳಿಬರುತ್ತದೆ. ಪ್ಯಾಚ್ 1.5ರ (ಆಟದ ಒಂದು ಪರಿಷ್ಕರಣೆ) ನಂತರ ಕೌಶಲ ಬೆಳೆಯುವುದು ವಸ್ತುವಿನ ಮೌಲ್ಯವನ್ನೂ ನೋಡಿಕೊಂಡು. ಹಾಗಾಗಿ ಆ ಸಲಹೆಗೆ ಮೊದಲಿನ ಬಲವಿಲ್ಲ.

ಈಗ ಮೊದಲಿನ ಹತ್ತು ಜಿಂಕೆ ತೊಗಲುಗಳಿಗೆ ಬರೋಣ. ಹದ ಮಾಡಿದರೆ 20 ಲೆದರ್. ಅದರಲ್ಲಿ 2 ಲೆದರ್ ಕತ್ತರಿಸಿ 8 ಪಟ್ಟಿ ಮಾಡಿ. 16 ಲೆದರ್ ಮತ್ತು 8 ಪಟ್ಟಿಗೆ 8 ಶಿರಸ್ತ್ರಾಣ. ಸ್ಪೀಚ್ 15ರಲ್ಲಿ ಒಂದಕ್ಕೆ 19 ಸೆಪ್ಟಿಮ್, ಒಟ್ಟು 152. ಇನ್ನೂ 2 ಲೆದರ್ ಕೈಯಲ್ಲಿದೆ. ಆ ಲೆದರ್ ಸೇರಿಸಿದರೂ ಭಾರ ತೊಗಲಿದ್ದಾಗಿನ 20ರಷ್ಟೇ.

ಉಳಿದ ಚೂರುಪಾರು ಲೆದರ್ ಅನ್ನು ಪಟ್ಟಿ ಮಾಡಿಟ್ಟುಕೊಳ್ಳಿ. ಪಟ್ಟಿಯ ಮೌಲ್ಯ 3, ತೂಕ 0.1. ಹಾಗಾಗಿ 10 ಮೌಲ್ಯದ, 2 ತೂಗುವ ಲೆದರ್ ಕತ್ತರಿಸಿದಾಗ 12 ಮೌಲ್ಯದ, 0.4 ತೂಗುವ ಪಟ್ಟಿಗಳಾಗುತ್ತವೆ. ಆದರೆ ಎಲ್ಲವನ್ನೂ ಕತ್ತರಿಸಬೇಡಿ. ಪಟ್ಟಿಯಿಂದ ತಿರುಗಿ ಲೆದರ್ ಮಾಡಲಾಗದು. ಮೊದಲು ಶಿರಸ್ತ್ರಾಣಗಳ ಲೆಕ್ಕ, ಅದು ಮುಗಿದ ಮೇಲೆ ಕತ್ತರಿ.

ಕೆಂಪು ಗುರುತಿನ, ಕದ್ದ ತೊಗಲನ್ನು ಸಾಮಾನ್ಯ ವ್ಯಾಪಾರಿಗಳು ಮುಟ್ಟುವುದಿಲ್ಲ. ಅದನ್ನು ಹದ ಮಾಡಿದರೆ ಬರುವ ಲೆದರ್‌ಗೆ ಆ ಗುರುತು ಇರುವುದಿಲ್ಲ. ಗೊತ್ತಿಲ್ಲದೆ ಎತ್ತಿಕೊಂಡದ್ದಿದ್ದರೆ ದಾರಿ ಇದೇ.

## ಹಂತ 6: ಕೊಂಬು, ಉಗುರುಗಳಿಂದ ಮದ್ದು

ಆಲ್ಕೆಮಿ ಮೇಜು ವೈಟ್‌ರನ್‌ನಲ್ಲಿ ಆರ್ಕೇಡಿಯಾಳ ಅಂಗಡಿಯೊಳಗಿದೆ. ಬೇಟೆಯ ಅಂಗಾಂಗಗಳಿಗೆ ಹೊಂದುವ ಎರಡು ಮಿಶ್ರಣ ಸಾಕು.

ಕರಡಿ ಉಗುರು ಮತ್ತು ಬ್ಲೂ ಮೌಂಟನ್ ಫ್ಲವರ್. ಈ ನೀಲಿ ಹೂವು ರಿವರ್‌ವುಡ್ ದಾರಿಯಲ್ಲೇ ಸಿಗುತ್ತದೆ. ಎರಡಕ್ಕೂ ಒಂದೇ ಎನ್ನುವ ಗುಣ ಎರಡು: ಆರೋಗ್ಯದ ಮಿತಿ ಏರಿಸುವುದು ಮತ್ತು ಮ್ಯಾಜಿಕಾ (ಮಂತ್ರಶಕ್ತಿ) ತುಂಬುವ ವೇಗ ತಗ್ಗಿಸುವುದು. ಎರಡು ಗುಣ ಒಟ್ಟಾದ ಮದ್ದಿಗೆ ಬೆಲೆ ಹೆಚ್ಚು.

ಜಿಂಕೆ ಕೊಂಬು, ಎಲ್ಕ್ ಕೊಂಬು, ಡೆತ್‌ಬೆಲ್. ಡೆತ್‌ಬೆಲ್ ಹೂವು ಮಾರ್ಥಲ್ ಸುತ್ತಲಿನ ಜೌಗಿನಲ್ಲಿ ಬೆಳೆಯುತ್ತದೆ. ಮೂರನ್ನೂ ಸೇರಿಸಿದರೆ ನಿಧಾನಗೊಳಿಸುವ, ಆರೋಗ್ಯ ಕುಂದಿಸುವ, ವಿಷಕ್ಕೆ ದುರ್ಬಲಗೊಳಿಸುವ ವಿಷ. ಇದು ಮಾರಾಟಕ್ಕೂ ಒಳ್ಳೆಯದು, ಸ್ವಲ್ಪ ಉಳಿಸಿಕೊಂಡು ಬಾಣಕ್ಕೆ ಹಚ್ಚಿದರೆ ಮುಂದಿನ ಕರಡಿ ಬೇಟೆಗೂ ಆದೀತು.

ಸಾಮಾನು ವ್ಯರ್ಥವಾಗುವ ದೊಡ್ಡ ತಪ್ಪು ಒಂದಿದೆ: ಮೂರನೇ ಪದಾರ್ಥದಿಂದ ಹೊಸ ಗುಣ ಸೇರದಿದ್ದರೂ ತುಂಬುವುದು. ಮೇಜಿನ ಮೇಲೆ ಫಲಿತಾಂಶದ ಹೆಸರು ಬದಲಾಗದಿದ್ದರೆ ಅದನ್ನು ತೆಗೆದಿಡಿ.

ಗಿಡುಗದ ಗರಿಗಳಲ್ಲಿ ಎರಡು ಮೂರನ್ನು ಮಾರದೆ ಇಟ್ಟುಕೊಳ್ಳಿ. ತೋಳ, ಕರಡಿ, ಸೇಬರ್ ಕ್ಯಾಟ್ ಕಚ್ಚಿದರೆ ರೋಗ ಅಂಟುತ್ತದೆ. ಗರಿ ತಿಂದರೆ ವಾಸಿ.

## ಹಂತ 7: ಯಾರಿಗೆ, ಯಾವ ಸರದಿಯಲ್ಲಿ

ವ್ಯಾಪಾರಿಗಳ ಗಲ್ಲಾಪೆಟ್ಟಿಗೆಗೂ ಮಿತಿಯಿದೆ. ವೈಟ್‌ರನ್‌ನಲ್ಲಿ ಕಮ್ಮಾರಳಾದ ಆಡ್ರಿಯಾನ್‌ಳ ಬಳಿ 1000, ಜನರಲ್ ಸ್ಟೋರ್‌ನ ಬೆಲೆಥರ್ ಬಳಿ 750, ಮದ್ದಿನಂಗಡಿಯ ಆರ್ಕೇಡಿಯಾ ಬಳಿ 500. ಅವರಿಂದ ನೀವೇನಾದರೂ ಕೊಂಡರೆ ಅಷ್ಟು ಅದಕ್ಕೆ ಸೇರುತ್ತದೆ. ಆದ್ದರಿಂದ ಬಾಣ ಬೇಕಿದ್ದರೆ ಮಾರುವ ಮೊದಲೇ ಕೊಳ್ಳಿ.

ಕಮ್ಮಾರರು ತೊಗಲು, ಲೆದರ್, ಆಯುಧ, ಕವಚ ಕೊಳ್ಳುತ್ತಾರೆ. ಮದ್ದಿನಂಗಡಿಯವರು ಮದ್ದು, ವಿಷ, ಪದಾರ್ಥ ಕೊಳ್ಳುತ್ತಾರೆ. ಜನರಲ್ ಸ್ಟೋರ್‌ನವರು ಬಹುತೇಕ ಎಲ್ಲವನ್ನೂ. ಹಾಗಾಗಿ ಸರದಿ ಹೀಗಿರಲಿ: ಮೊದಲು ಆರ್ಕೇಡಿಯಾಗೆ ಮದ್ದು, ನಂತರ ಆಡ್ರಿಯಾನ್‌ಗೆ ಶಿರಸ್ತ್ರಾಣ ಮತ್ತು ಕವಚ, ಕೊನೆಗೆ ಇವರಿಬ್ಬರೂ ಕೊಳ್ಳದ ದಂತ ಮತ್ತು ಉಳಿಕೆ ಬೆಲೆಥರ್‌ಗೆ. ಮೊದಲೇ ಬೆಲೆಥರ್‌ಗೆ ಎಲ್ಲ ಸುರಿದರೆ ಅವನ 750 ಶಿರಸ್ತ್ರಾಣಗಳಿಗೇ ಖಾಲಿಯಾಗಿ ದಂತ ನಿಮ್ಮಲ್ಲೇ ಉಳಿಯುತ್ತದೆ.

ಎಚ್ಚರಿಕೆಯ ಗಂಟೆ ಯಾವುದು ಗೊತ್ತೆ? ವ್ಯಾಪಾರಿಯ ದುಡ್ಡು ವಸ್ತುವಿನ ಬೆಲೆಗಿಂತ ಕೆಳಗಿಳಿದರೂ ಆಟ ಮಾರಲು ಬಿಡುತ್ತದೆ. ‘ಇವರ ಬಳಿ ಇಷ್ಟು ದುಡ್ಡಿಲ್ಲ, ಆದರೂ ಕೊಡುತ್ತೀಯಾ’ ಎಂಬ ಅರ್ಥದ ಪ್ರಶ್ನೆ ಬರುತ್ತದೆ. ಅಭ್ಯಾಸಬಲದಿಂದ ಹೌದು ಒತ್ತಿದರೆ 48ರ ದಂತ 5ಕ್ಕೆ ಹೋಗುತ್ತದೆ. ಆ ಪ್ರಶ್ನೆ ಕಂಡೊಡನೆ ಹೊರಬನ್ನಿ.

ಗಲ್ಲಾಪೆಟ್ಟಿಗೆ ಮತ್ತೆ ತುಂಬಲು ಆಟದ 48 ಗಂಟೆ ಬೇಕು. ಕಾಯುವ ಆಯ್ಕೆಯಲ್ಲಿ ಒಂದು ಸಲಕ್ಕೆ 24 ಗಂಟೆ, ಅದನ್ನು ಎರಡು ಸಲ ಒತ್ತಿ. ಅಥವಾ ಆ ಎರಡು ದಿನ ಮತ್ತೊಂದು ಸುತ್ತು ಬೇಟೆಗೆ ಹೋಗಿ ಬನ್ನಿ, ಅದೇ ಮೇಲು. ಅಂಗಡಿಗಳು ತೆರೆದಿರುವುದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

## ಹಂತ 8: ಸ್ಪೀಚ್ ಪರ್ಕ್‌ಗಳನ್ನು ಯಾವಾಗ ತೆಗೆದುಕೊಳ್ಳಬೇಕು

ಮಾರಿದಷ್ಟೂ ಸ್ಪೀಚ್ ಬೆಳೆಯುತ್ತದೆ. ಚೌಕಾಸಿಯ ಮೊದಲ ಪರ್ಕ್ ಹ್ಯಾಗ್ಲಿಂಗ್ ಶೇ. 10 ಹೆಚ್ಚಿಸುತ್ತದೆ, ಸ್ಪೀಚ್ 20, 40, 60, 80 ಆದಾಗ ಉಳಿದ ನಾಲ್ಕು ಮಟ್ಟ ತೆರೆದು ಕೊನೆಗೆ ಶೇ. 30 ಆಗುತ್ತದೆ. ಮೊದಲ ಮಟ್ಟ ಬೇಗ ತೆಗೆದುಕೊಳ್ಳಿ. ಮುಂದಿನವುಗಳಲ್ಲಿ ಪ್ರತಿಯೊಂದೂ ಕೊಡುವುದು ಶೇ. 5 ಮಾತ್ರ, ಆ ಪರ್ಕ್‌ಗಳನ್ನು ಬಿಲ್ಲಿಗೆ ಹಾಕುವುದು ಆರಂಭದಲ್ಲಿ ಲೇಸು.

ಸ್ಪೀಚ್ 50ರ ಮರ್ಚೆಂಟ್ ಪರ್ಕ್ ಬೇಟೆಗಾರರಿಗೆ ನಿಜವಾದ ತಿರುವು. ಅದಾದ ಮೇಲೆ ಯಾರಿಗೆ ಬೇಕಾದರೂ ಏನನ್ನು ಬೇಕಾದರೂ ಮಾರಬಹುದು, ಏಳನೇ ಹಂತದ ಸರದಿಯ ತಲೆನೋವೇ ಇಲ್ಲ. 70ರ ಇನ್ವೆಸ್ಟರ್ ಪರ್ಕ್‌ನಿಂದ ಅಂಗಡಿಗೆ 500 ಸೆಪ್ಟಿಮ್ ಹೂಡಿದರೆ ಅದರ ಗಲ್ಲಾಪೆಟ್ಟಿಗೆಯ ಮಿತಿ 500 ಶಾಶ್ವತವಾಗಿ ಏರುತ್ತದೆ. ನೀವು ಹೆಚ್ಚು ಹೋಗುವ ಅಂಗಡಿಯಲ್ಲೇ ಹೂಡಿ.

ದೊಡ್ಡ ಮಾರಾಟಕ್ಕೆ ಮುನ್ನ ಝೆನಿತಾರ್ ದೇವರ ಗುಡಿಯಲ್ಲಿ ಆಶೀರ್ವಾದ ಪಡೆದರೆ ಬೆಲೆ ಶೇ. 10 ಸುಧಾರಿಸುತ್ತದೆ, ಅದು 8 ಗಂಟೆ ಇರುತ್ತದೆ. ಸಾಲಿಟ್ಯೂಡ್‌ನ ದೇವಾಲಯದಲ್ಲಿ ಆ ಪೀಠವಿದೆ. ಆ ಊರಿನಲ್ಲೂ ಕಮ್ಮಾರ, ಜನರಲ್ ಸ್ಟೋರ್, ಮದ್ದಿನಂಗಡಿ ಮೂರೂ ಇರುವುದರಿಂದ ಕೂಡಿಟ್ಟ ಸರಕನ್ನು ಅಲ್ಲಿಗೇ ಒಯ್ಯಬಹುದು.

## ಸರ್ವೈವಲ್ ಮೋಡ್‌ನಲ್ಲಿ ಆಡುವವರಿಗೆ

ಹಸಿವು, ಚಳಿಗಳನ್ನೂ ಎದುರಿಸಬೇಕಾದ ಈ ಕಠಿಣ ಬಗೆಯ ಆಟದಲ್ಲಿ ನಕ್ಷೆ ಒತ್ತಿ ಹಾರುವಂತಿಲ್ಲ, ಹೊರೆಯ ಮಿತಿ ಕಡಿಮೆ, ಬಾಣಕ್ಕೂ ತೂಕವಿದೆ. ಹಾಗಾಗಿ 40 ಬಾಣದ ಬದಲು 20 ಒಯ್ಯಿರಿ, ಬೇಟೆಯ ಸುತ್ತನ್ನು ಕುಲುಮೆಯಿರುವ ಊರಿನ ಸುತ್ತಮುತ್ತಲೇ ಇಟ್ಟುಕೊಳ್ಳಿ. ಮಾಂಸ ಬಿಟ್ಟುಬಿಡಿ ಎಂದು ನಾಲ್ಕನೇ ಹಂತದಲ್ಲಿ ಹೇಳಿದ್ದು ನಿಮಗೆ ಅನ್ವಯಿಸದು: ಹಸಿವು ಏರುವ ಈ ಮೋಡ್‌ನಲ್ಲಿ ಒಂದು ದಿನದ ಊಟಕ್ಕಾಗುವಷ್ಟು ಮಾಂಸ ಎತ್ತಿಕೊಳ್ಳಿ, ಹಸಿಯಾಗಿ ತಿನ್ನದೆ ಬೇಯಿಸಿ ತಿನ್ನಿ. ಉತ್ತರದ ಹಿಮದಲ್ಲಿ ಬಿಳಿ ಕರಡಿಯ ತೊಗಲಿನ ಆಸೆಗೆ ಹೋಗುವುದಾದರೆ ತಿರುಗಿ ಬರುವ ದಾರಿಯಲ್ಲಿ ಬೆಂಕಿಯಿರುವ ಬಿಡಾರ ಎಲ್ಲಿದೆ ಎಂದು ಮೊದಲು ನೋಡಿಟ್ಟುಕೊಂಡು ಹೊರಡಿ.